ನೊರೆಗಲ್ಲಿನ ಓಣಿ

ಲಗಮಪ್ಪನ ಮನೆಯಿಂದ ಗ್ಯಾನಪ್ಪನ ಮನೆಗೆ ಹಾಕಿದ್ದ ಹಲಗೆ ಮೊದಲು ಮಟ್ಟವಾಗಿತ್ತು. ತುಂಬಿದ ತಂಬಿಗೆ ಹಿಡಿದು ಈ ಬದಿಯಿಂದ ಹೊರಟರೆ ಆ ಬದಿಗೆ ಹನಿ ತುಳುಕದೆ ಮುಟ್ಟುತ್ತಿತ್ತು. ಈಗೀಗ ಅದು ಏರುಹಲಗೆಯಾಗಿತ್ತು. ತಮ್ಮನ ಮನೆಗೆ ಪುಂಡಿಪಲ್ಯ ಒಯ್ಯುವ ಕಾಶವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ದಿಬ್ಬ ಹತ್ತುವವಳ ಹಾಗೆ ಮುಂದಕ್ಕೆ ಬಾಗಿ ನಡೆಯುತ್ತಿದ್ದಳು. ಕಟ್ಟೆಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದ ಲಗಮಪ್ಪ ಹೆಂಡತಿಯ ಬಾಗಿದ ಬೆನ್ನನ್ನೂ ಹಲಗೆಯ ಓರೆಯನ್ನೂ ನೋಡುತ್ತ, ಎಲ್ಲಾರ ಮನಿ ಇಳದಾವು, ಇವನದು ಒಂದ ಯಾಕ ಇಳೀಲಿಲ್ಲ, ಎಂದು ಒಳಗೊಳಗೇ ಕೇಳಿಕೊಳ್ಳುತ್ತಿದ್ದ.

ಗ್ಯಾನಪ್ಪ ಕಾಶವ್ವನ ಬೆನ್ನಿಗೆ ಬಿದ್ದ ತಮ್ಮ. ಇಬ್ಬರ ಮನೆಯೂ ನೀರಿನ ಮೇಲಿತ್ತು. ಆ ಓಣಿಯ ಎಲ್ಲ ಮನೆಗಳೂ ನೀರಿನ ಮೇಲೆಯೇ ಇದ್ದವು.

ಕೃಷ್ಣೆಯ ಹಿನ್ನೀರು ಏರಿ ಅಂಬಿಗರ ಹಳೆಯ ಊರು ಮುಳುಗಿದಾಗ, ಗುಡ್ಡದ ಮೇಲೆ ಕಾಲನಿ ಕಟ್ಟಿಕೊಡುತ್ತೇವೆಂದು ಸರಕಾರದವರು ಬಂದಿದ್ದರು. ಹರಿಗೋಲು ಹೊತ್ತು ಗುಡ್ಡ ಹತ್ತುವುದು ಯಾವ ಬಾಳುವೆ ಎಂದು ಅಂಬಿಗರು ಒಪ್ಪಲಿಲ್ಲ. ಆಗ ಬಂದದ್ದು ನೊರೆಗಲ್ಲಿನ ಮಾತು. ಮನೆಯ ಬುನಾದಿಯೇ ತೇಲುವ ಕಲ್ಲಾದರೆ, ಹೊಳೆ ಏರಿದಾಗ ಮನೆ ಏರುತ್ತದೆ, ಇಳಿದಾಗ ಇಳಿಯುತ್ತದೆ. ಕಲ್ಲು ತೇಲುವುದೆಂದರೆ ಮುದುಕರು ನಕ್ಕರು. ಫರ್ಜಾನಾ ಮುಲ್ಲಾ ಎಂಬ ಭೂವಿಜ್ಞಾನದ ಮೇಡಂ ಕೈಚೀಲದಿಂದ ಬೂದಿಬಣ್ಣದ ತುಂಡೊಂದನ್ನು ತೆಗೆದು ಲಗಮಪ್ಪನ ತಾಯಿ ದ್ಯಾಮವ್ವನ ಕೊಡದೊಳಗೆ ಹಾಕಿದಳು. ಅದು ಬುಳಕ್ಕನೆ ಎದ್ದು ತೇಲಿತು. ಮುದುಕಿ ಬೆರಳಿನಿಂದ ಒತ್ತಿದಳು, ಮತ್ತೆ ಎದ್ದಿತು.

"ಇದು ಕಲ್ಲಲ್ಲ ಬಿಡ, ಉಬ್ಬಿದ ರೊಟ್ಟಿ," ಎಂದಳು ದ್ಯಾಮವ್ವ.

"ಹೌದಬೇ, ರೊಟ್ಟಿ ಹಂಗ ಉಬ್ಬಿದ್ದು. ಒಳಗ ಬರೀ ಗಾಳಿ," ಎಂದಿದ್ದಳು ಫರ್ಜಾನಾ.

ಇಳಕಲ್ಲಿನ ಕಡೆ ಗ್ರಾನೈಟ್ ಗಣಿಗಳ ಮಗ್ಗುಲಿಗೆ ತಲೆಮಾರುಗಟ್ಟಲೆ ಬಿದ್ದಿದ್ದ ಚೂರುಪುಡಿಯ ಗುಡ್ಡಗಳಿದ್ದವು. ಹೊಸ ಕಾರ್ಖಾನೆ ಅದನ್ನೇ ಭಟ್ಟಿಗೆ ಹಾಕಿ ಕರಗಿಸಿತು. ಕರಗಿದ ಕಲ್ಲಿನೊಳಕ್ಕೆ ಉಗಿಯನ್ನು ಒತ್ತಡದಲ್ಲಿ ತುಂಬಿ, ಒಮ್ಮೆಲೆ ಒತ್ತಡ ತೆಗೆದುಬಿಡುತ್ತಿದ್ದರು. ಅಲುಗಾಡಿಸಿದ ಸೋಡಾ ಬಾಟಲಿಯ ಬಿರಡೆ ತೆಗೆದಂತೆ ಕಲ್ಲು ನೊರೆ ನೊರೆಯಾಗಿ ಉಬ್ಬುತ್ತಿತ್ತು. ಗುಳ್ಳೆ ಒಡೆಯುವ ಮುಂಚೆಯೇ ಅದು ಗಟ್ಟಿಯಾಗಬೇಕು. ಜ್ವಾಲಾಮುಖಿ ಒಂದು ಉಸಿರಿನಲ್ಲಿ ಮಾಡುವ ಕೆಲಸವನ್ನು ಮನುಷ್ಯರು ಪಾಳಿಯ ಮೇಲೆ ಮಾಡುತ್ತಿದ್ದರು. ಆ ಪಾಳಿಯಲ್ಲಿ ಗ್ಯಾನಪ್ಪನೂ ಒಬ್ಬ. ಅಂಬಿಗರ ಹುಡುಗ ಅಂಬಿಗರಿಗೇ ನೆಲ ಬೇಯಿಸುತ್ತಾನೆಂದು ಆಗ ಓಣಿಯವರು ಎದೆಯುಬ್ಬಿಸಿದ್ದರು. ಒಂದೊಂದು ಮನೆಗೆ ಒಂದೊಂದು ಕಲ್ಲಿನ ತೆಪ್ಪ ಬಂತು. ಇಳಿಸಿದ ದಿನ ದಂಡೆಯ ತುಂಬ ಹೊಗೆ, ಹೆಂಗಸರ ಹಾಡು, ಬೆಲ್ಲದ ಪಾನಕ, ಥೇಟ್ ಮದುವೆಯ ಗದ್ದಲ. ಗ್ಯಾನಪ್ಪ ಮಾತ್ರ ಭಟ್ಟಿಯ ಪಾಳಿ ಬಿಟ್ಟು ಬರಲಾಗಲಿಲ್ಲ. ಅವನ ತೆಪ್ಪವನ್ನು ಆಮೇಲೊಂದು ದಿನ ಕಾರ್ಖಾನೆಯವರೇ ತಂದು ನೀರಿಗೆ ಬಿಟ್ಟು ಹೋದರು.

ಅದೇ ತೆಪ್ಪ ಈಗ ಎಲ್ಲರಿಗಿಂತ ಎತ್ತರಕ್ಕೆ ನಿಂತಿತ್ತು.

ಲಗಮಪ್ಪನಿಗೆ ಇದು ಬರೀ ಕಣ್ಣಂದಾಜಿನ ಮಾತಲ್ಲ. ಓಣಿಯ ತುದಿಯಲ್ಲಿದ್ದ ಮಟ್ಟದ ಕೋಣೆಯಲ್ಲಿ ಅವನಿಗೆ ನೌಕರಿ. ಒಂದೊಂದು ತೆಪ್ಪದ ಅಡಿಗೂ ಹಾಕಿದ್ದ ಅಳತೆಯ ಸೂಜಿಗಳು ನೀರಿನಿಂದ ಅದೆಷ್ಟು ಎದ್ದಿದೆ ಎಂದು ಇಲ್ಲಿಯ ಪರದೆಗೆ ತಿಳಿಸುತ್ತಿದ್ದವು. ಮನೆಗೊಂದು ಹಸಿರು ಗೆರೆ. ಹೊಳೆ ಏರಿಳಿದರೂ ಗೆರೆಗಳು ಅಲುಗಬಾರದು. ಗ್ಯಾನಪ್ಪನದೊಂದು ಬಿಟ್ಟು ಉಳಿದವೆಲ್ಲ ಮೆಲ್ಲಗೆ ಕುಸಿದಿದ್ದವು. ಚಹಾ ಕುಡಿಯುತ್ತ ನೋಡಿದರೆ ಗೊತ್ತಾಗುವಂಥದ್ದಲ್ಲ. ದೀಪಾವಳಿಯಿಂದ ಯುಗಾದಿಗೆ ನೋಡಿದರೆ ಎದ್ದು ಕಾಣುವಂಥದ್ದು.

ಮೊದಮೊದಲು ಅವನು ಯಾರಿಗೂ ಹೇಳಲಿಲ್ಲ. ಆದರೆ ನೀರಿಗೆ ನಾಲಿಗೆ ಬೇಕಿಲ್ಲ. ಮೂಲೆಮನೆಯ ಅಡಿಗೆ ಕೋಣೆಗೆ ತೆರೆ ನುಗ್ಗಿತು. ಹುಡುಗರು ಮುಳುಗು ಹಾಕಿ ತೆಪ್ಪದ ಅಡಿ ನೋಡಿಬಂದು, "ತೆಳಗ ಕರ್ರಗ ಐತಿ," ಎಂದರು. ಓಣಿಯ ಹಿರಿಯ ಯಮನಪ್ಪ ಅದನ್ನು ಅಲ್ಲಿಗೇ ಬಿಡಲಿಲ್ಲ.

"ಗ್ರಾನೈಟ್ ಬೂದಿಬಣ್ಣ, ಕೆಂಪಬಣ್ಣ ಇರತೈತಿ. ಕರ್ರಗ ಎಲ್ಲಿಂದ ಬಂತು?" ಎಂದು ಅವನು ಬಲೆ ಒಣಗಿಸುವ ಕಟ್ಟೆಯಲ್ಲಿ ಎತ್ತಿದ. "ಹೊಳಿಯಾಚೆ ಇಜಾಪೂರ ಮಗ್ಗಲಿಗೆ ಕರಿಕಲ್ಲು ಬೇಕಾದಷ್ಟು. ಅದು ಲಗೂನ ಕರಗತೈತಿ, ಉರುವಲ ಉಳೀತೈತಿ. ಭಟ್ಟಿಯಾಗ ಕೂತಾಂವ ಬೆರಸ್ಯಾನ. ತನ್ನ ತೆಪ್ಪಕ್ಕ ಮಾತ್ರ ಚೊಲೋ ಮಾಲು ಹಾಕ್ಯಾನ."

"ಹಂಗಂದ್ರ ಗ್ಯಾನಪ್ಪನ?"

"ನಾ ಯಾರ ಹೆಸರ ತಗದೆನೇನು? ನಿಮ್ಮ ಬಾಯಾಗ ಬಂತು."

ಅಂದಿನಿಂದ ಗ್ಯಾನಪ್ಪನ ಮನೆಯ ಮಜ್ಜಿಗೆ ಯಾರೂ ಕುಡಿಯಲಿಲ್ಲ. ಲಗಮಪ್ಪ ಭಾವಮೈದುನನನ್ನು ಕಾಯತೊಡಗಿದ. ಬೆಳ್ಳಂಬೆಳಿಗ್ಗೆ ಗ್ಯಾನಪ್ಪ ತನ್ನ ಹರಿಗೋಲಿನಲ್ಲಿ ಒಬ್ಬನೇ ಹೋಗಿ ಬೇರೆಯವರ ತೆಪ್ಪದ ಅಡಿಗೆ ಕೈ ಹಾಕುವುದನ್ನು ಕಂಡ. ತೆಗೆದ ಕೈಯನ್ನು ಮೂಸಿ ನೋಡುವುದನ್ನು ಕಂಡ. ಒಂದು ಸಲ ಲಗಮಪ್ಪನದೇ ತೆಪ್ಪದ ಅಂಚಿನಿಂದ ಚೂರು ಮುರಿದು ರುಮಾಲಿನಲ್ಲಿ ಸುತ್ತಿಟ್ಟುಕೊಂಡದ್ದನ್ನೂ ಕಂಡ.

"ಏನ್ ಹುಡುಕತೀ ನೀರಾಗ?" ಎಂದು ಕಟ್ಟೆಯಿಂದಲೇ ಕೇಳಿದ.

ಗ್ಯಾನಪ್ಪ ಬೆಚ್ಚಿದ. "ಏನಿಲ್ಲ ಮಾವ. ಬಲಿ ಸಿಕ್ಕಿತ್ತು."

ಅವನ ಹರಿಗೋಲಿನಲ್ಲಿ ಬಲೆಯೇ ಇರಲಿಲ್ಲ.

ಅವತ್ತೇ ಲಗಮಪ್ಪ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡ. ಕಾಶವ್ವ ಬುಟ್ಟಿ ಹಿಡಿದು ಬಂದವಳು ಅಂಚಿನಲ್ಲಿ ನಿಂತಳು. ನಡುವೆ ಎರಡಾಳು ನೀರು.

"ಹಲಗಿ ಎಲ್ಲೈತ್ರಿ?"

"ಒಣಗಲಿ ಅಂತ ತಗದೆ."

"ನೀರಿನ ಮ್ಯಾಲಿನ ಹಲಗಿ ಒಣಗೂದು ನಾ ಇವತ್ತ ಕೇಳಿದೆ." ಅವಳು ಬುಟ್ಟಿ ಕೆಳಗಿಟ್ಟಳು. "ನಮ್ಮಪ್ಪ ಸತ್ತಾಗ ತಮ್ಮನ್ನ ನಿಮ್ಮ ಉಡಿಯಾಗ ಹಾಕಿದ್ದು ನೆನಪೈತೇನು? ಈಜು ಕಲಿಸಿದವರು ನೀವ. ಈಗ ಊರ ಮಂದಿ ಹೇಳಿದ್ದು ನಿಮಗ ಖರೇ ಕಾಣತೈತಿ."

"ಮಂದಿ ಹೇಳೂದಲ್ಲ, ಗೆರಿ ಹೇಳತಾವು. ನಾ ಕಣ್ಣಿಲೆ ನೋಡೇನಿ."

"ಗೆರಿ ಅವನ ಹೆಸರ ಹೇಳಿತೇನು?"

ಲಗಮಪ್ಪ ಬಲೆ ಎತ್ತಿಕೊಂಡು ಹೆಣೆಯತೊಡಗಿದ. ಕಾಶವ್ವ ಪಲ್ಯದ ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋದಳು. ಅವತ್ತು ಮನೆಯಲ್ಲಿ ಆ ಪಲ್ಯವನ್ನು ಯಾರೂ ಮುಟ್ಟಲಿಲ್ಲ.

ಯಮನಪ್ಪ ತೀರ್ಮಾನ ತಂದ. ಓಣಿಯ ತೆಪ್ಪಗಳನ್ನೆಲ್ಲ ದಪ್ಪ ಹಗ್ಗಗಳಿಂದ ಒಂದಕ್ಕೊಂದು ಕಟ್ಟಿದ್ದರು. ಗ್ಯಾನಪ್ಪನ ಹಗ್ಗ ಕೊಯ್ದು, ಅವನ ಮನೆಯನ್ನು ಎಳೆದೊಯ್ದು ನಡುಹೊಳೆಯ ಬಾಯಿಗೆ ಬಿಡುವುದು. ಅಲ್ಲಿ ಸುಳಿಗಾಳಿಗೆ ಒಂಟಿ ತೆಪ್ಪ ಎಷ್ಟು ನಿಂತೀತು ಎಂದು ಅಂಬಿಗರಿಗೆ ಹೇಳಿಕೊಡಬೇಕಾಗಿರಲಿಲ್ಲ. ಮರುದಿನ ಮುಂಜಾನೆ ಓಣಿ ಕೂಡುತ್ತದೆ, ಪರದೆಯ ಮೇಲೆ ಕಂಡದ್ದನ್ನು ಲಗಮಪ್ಪ ಎಲ್ಲರೆದುರು ಹೇಳಬೇಕು. "ನಿನ್ನ ಮಾತಿನ ಮ್ಯಾಲೆ ಕುಡುಗೋಲು," ಎಂದ ಯಮನಪ್ಪ.

ಲಗಮಪ್ಪ ಮಟ್ಟದ ಕೋಣೆಗೆ ಹೋದಾಗ ಫರ್ಜಾನಾ ಮೇಡಂ ಅಲ್ಲಿ ಮೊದಲೇ ಬಂದು ಕೂತಿದ್ದಳು. ಮೇಜಿನ ಮೇಲೆ ತೆಪ್ಪಗಳ ಅಡಿಯಿಂದ ತೆಗೆಸಿದ ತುಂಡುಗಳಿದ್ದವು. ಈಕೆಯೂ ಕಾರ್ಖಾನೆಯವಳೇ ಅಲ್ಲವೇ, ಮುಚ್ಚಿಹಾಕಲು ಬಂದಿರಬೇಕು ಎಂದುಕೊಂಡು ಅವನು ಬಾಗಿಲಲ್ಲೇ ನಿಂತ.

"ಬರ್ರಿ, ಕೂಡ್ರಿ. ನಿಮ್ಮ ಓಣ್ಯಾಗ ಕರಿಕಲ್ಲಿನ ಸುದ್ದಿ ಎದ್ದೈತಂತ."

"ಕಣ್ಣಿಗೆ ಕಾಣೂದಕ್ಕ ಸುದ್ದಿ ಅಂತ ಯಾಕ ಅಂತೀರಿ ಮೇಡಂ?"

ಅವಳು ನಗಲಿಲ್ಲ. "ಕಲ್ಲಿನಾಗ ಮೂರು ಕುಲ," ಎಂದಳು. "ಮಳಲು ಮಣ್ಣು ಪದರ ಪದರ ಕೂತು ಆದದ್ದೊಂದು, ನಮ್ಮ ಬಾದಾಮಿಯ ಕೆಂಪುಗುಡ್ಡದ ಹಂಗ. ಇದ್ದ ಕಲ್ಲ ಭೂಮಿಯೊಳಗ ಒತ್ತಡಕ್ಕ, ಕಾವಿಗೆ ಸಿಕ್ಕು ಬ್ಯಾರೇನ ಆದದ್ದೊಂದು. ಇನ್ನೊಂದು ಬೆಂಕಿಯಿಂದ ಹುಟ್ಟಿದ್ದು, ಅಗ್ನಿಶಿಲೆ. ಗ್ರಾನೈಟ್ ಅದರಾಗ ಬರತೈತಿ, ಕರಿಕಲ್ಲೂ ಅದರಾಗ, ಈ ನೊರೆಗಲ್ಲೂ ಅದರಾಗ. ಗ್ರಾನೈಟ್ ನೆಲದಾಳದಾಗ ಸಾವಕಾಶ ಆರತೈತಿ, ಅದಕ್ಕ ಹರಳ ಕಟ್ಟತೈತಿ. ನೊರೆಗಲ್ಲು ಹೊರಗ ಚಿಮ್ಮಿ ಗಕ್ಕನ ಆರತೈತಿ. ಹರಳ ಕಟ್ಟಾಕ ಪುರಸೊತ್ತ ಇರೂದಿಲ್ಲ, ಗಾಜ ಆಗತೈತಿ. ನೀವು ತುಳಿಯೂ ನೆಲ ಅಂದ್ರ ಗಾಜಿನ ನೊರಿ."

"ಅದರಾಗ ಕರಿಕಲ್ಲ ಕಲಿಸಿದ್ರ?"

"ಗ್ರಾನೈಟಿನ ಪಾಕ ಜಿಗುಟು, ಹದಕ್ಕ ಬಂದ ಬೆಲ್ಲದ ಹಂಗ. ಗುಳ್ಳಿನ ಬಿಡೂದಿಲ್ಲ. ಕರಿಕಲ್ಲಿನ ಪಾಕ ತೆಳು, ಗುಳ್ಳಿ ಒಡದು ಗಾಳಿ ಹೊರಗ ಹೋಗಿಬಿಡತೈತಿ. ಉಳಿಯೂದು ದೊಡ್ಡ ತೂತಿನ, ದಪ್ಪ ಗೋಡಿಯ ಕಿಟ್ಟಗಲ್ಲು. ಅದನ್ನ ನೀರಿಗೆ ಹಾಕಿದ ದಿನಾನ ಮುಳಗತೈತಿ, ವರ್ಷ ಕಾಯೂದಿಲ್ಲ." ಅವಳು ಒಂದು ತುಂಡನ್ನು ಸುತ್ತಿಗೆಯಿಂದ ಕುಟ್ಟಿದಳು. ಒಡೆದ ಒಳಮೈ ಹಾಲಿನ ಕೆನೆಯ ಬಣ್ಣದ್ದಿತ್ತು. "ನೋಡ್ರಿ. ಬಿಳಿ. ಕರಿಕಲ್ಲ ಬೆರಸಿದ್ರ ಒಳಗ ಹಿಂಗ ಬಿಳಿ ಇರೂದಿಲ್ಲ. ನಿಮ್ಮ ಗ್ಯಾನಪ್ಪ ಬೆರಸಿಲ್ಲ."

"ನೀವು ಒಳ್ಳೇ ತುಂಡು ಆರಿಸಿ ತಂದಿರಬೇಕು," ಎಂದುಬಿಟ್ಟ ಲಗಮಪ್ಪ.

ಫರ್ಜಾನಾಳ ಕೈ ನಿಂತಿತು. ಸಿಟ್ಟಾಗುತ್ತಾಳೆಂದು ಅವನು ಕಾದ. ಅವಳು ಸುತ್ತಿಗೆಯನ್ನು ಅವನ ಮುಂದೆ ಸರಿಸಿದಳು. "ನೀವ ಆರಿಸ್ರಿ."

ಅವನು ತನ್ನ ಮನೆಯ ಅಡಿಯದೇ ತುಂಡು ತೆಗೆದುಕೊಂಡ. ಅದು ಎಲ್ಲಕ್ಕಿಂತ ಕಪ್ಪಗಿತ್ತು. ಕುಟ್ಟಿದ. ಒಳಗೆ ಬಿಳಿ. ಇನ್ನೊಂದು ಕುಟ್ಟಿದ, ಅದೂ ಬಿಳಿ. ಕಪ್ಪು ಹೊರಮೈಯ ತೂತುಗಳಲ್ಲಷ್ಟೇ ಇತ್ತು. ತುಂಡುಗಳೆಲ್ಲ ನೀರು ಕುಡಿದು ಭಾರವಾಗಿದ್ದವು, ಒಡೆದಲ್ಲೆಲ್ಲ ಒಸರುತ್ತಿತ್ತು.

"ನನಗ ತಿಳೀಲಾರದ್ದು ಇದ," ಎಂದಳು ಅವಳು. "ನೊರೆಗಲ್ಲು ನೀರ ಕುಡಿಯೂದ ಖರೆ. ಆದ್ರ ತಣ್ಣನ ಕಲ್ಲಿನ ತೂತಿನಾಗ ಗಾಳಿ ಗಟ್ಟಿ ಕೂತಿರತೈತಿ, ಸುಲಭಕ್ಕ ಜಾಗ ಬಿಡೂದಿಲ್ಲ. ಎಷ್ಟೋ ಕಾಲ ಬೇಕು. ಇಷ್ಟು ಲಗೂ ಯಾಕ ಕುಡಿದಾವು?" ಮಾತಾಡುತ್ತಲೇ ಅವಳು ಕಪ್ಪು ಮೈಯ ಮೇಲೆ ಹೆಬ್ಬೆರಳು ತಿಕ್ಕಿದಳು. ಬೆರಳನ್ನು ಬೆಳಕಿಗೆ ಹಿಡಿದಳು, ಆಮೇಲೆ ಮೂಸಿದಳು. ಗ್ಯಾನಪ್ಪನೂ ಹೀಗೆಯೇ ಮೂಸಿದ್ದು ಲಗಮಪ್ಪನ ಕಣ್ಣಿಗೆ ಕಟ್ಟಿತು.

"ಇದು ಮಸಿ," ಎಂದಳು ಫರ್ಜಾನಾ. "ಒಲಿಯ ಮಸಿ. ತೆಪ್ಪದ ಅಡಿಗೆ ಯಾರರ ಬೆಂಕಿ ಹಾಕಿದ್ರೇನು?"

ಲಗಮಪ್ಪ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟ. "ಯಾಕ ಕೇಳತೀರಿ?"

"ಕಾದ ಕಲ್ಲಿನೊಳಗ ಗಾಳಿ ಹಿಗ್ಗಿ ಹೊರಗ ಹೋಗಿರತೈತಿ. ಅಂಥದ್ದನ್ನ ನೀರಿಗೆ ಇಟ್ರ, ಉಳಿದ ಗಾಳಿ ಗಕ್ಕನ ಕುಗ್ಗತೈತಿ. ತೂತಿನಾಗ ಹುಟ್ಟಿದ ಉಗಿ ನೀರಾಗಿ ಹೋಗತೈತಿ. ಖಾಲಿ ಬಿದ್ದ ಜಾಗಕ್ಕ ಹೊಳಿ ತಾನ ಒಳಗ ಬರತೈತಿ. ಕಲ್ಲು ನೀರನ್ನ ಹೀರಿಕೊಳ್ಳತೈತಿ, ಕೂಸು ಮೊಲಿ ಚೀಪಿದಂಗ. ಒಮ್ಮೆ ಒಳಗ ದಾರಿ ಆತಂದ್ರ ಮ್ಯಾಲಿನ ತೂತಿಗೂ ಸಾವಕಾಶ ಏರತೈತಿ."

ಅವನು ಎದ್ದು ಮನೆಗೆ ಬಂದ.

ದ್ಯಾಮವ್ವ ಒಲೆಯ ಮುಂದೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ," ಎಂದ ಲಗಮಪ್ಪ, "ತೆಪ್ಪಾ ಇಳಿಸಿದ ಮುಂಜಾನೆ ಮೈ ಕಾಸಿದ್ವಲ್ಲ. ಬೆಂಕಿ ಎಷ್ಟೊತ್ತು ಹಚ್ಚಿದ್ವಿ?"

"ಎಷ್ಟೊತ್ತಂದ್ರ? ಕೈ ಮುಟ್ಟಿದ್ರ ಚುರುಕ್ ಅನ್ನೂತನ. ಜ್ವಾಳದ ಕಣಕಿ, ಕುಳ್ಳು, ಹಳೇ ಮನಿಯ ತೊಲಿ ಸೈತ ಒಟ್ಟಿದ್ದೆ. ಆ ಮೇಡಂ ಹುಡುಗಿ ಬಂದಾಗ ಬೂದಿ ಗುಡಿಸಿ ಮುಗದಿತ್ತು," ಎಂದಳು ಮುದುಕಿ ಹೆಮ್ಮೆಯಿಂದ. "ಮೊದಲನೇ ಕೊಳ್ಳಿ ನಂದ. ನಮ್ಮ ತೆಪ್ಪಾ ಕಾದಷ್ಟು ಓಣ್ಯಾಗ ಯಾರದೂ ಕಾಯಲಿಲ್ಲ. ತಣ್ಣನ ಮೈಲೆ ಕೂಸಿನ್ನ ನೀರಿಗೆ ಇಳಸ್ತಾರೇನು? ದೋಣಿನೂ ಇಳಸೂದಿಲ್ಲ."

ಅಂಬಿಗರಲ್ಲಿ ಅದು ನಡೆದುಬಂದ ರೀತಿ. ಹೊಸ ಹರಿಗೋಲಿಗೆ ಡಾಂಬರು ಬಳಿದು, ಅಡಿಗೆ ಕಣಿಕೆಯ ಬೆಂಕಿ ತೋರಿಸಿ, ಮೈ ಬೆಚ್ಚಗಿರುವಾಗಲೇ ಹೊಳೆಗೆ ಬಿಡುವುದು. ಬೆಂಕಿಗೆ ಡಾಂಬರು ಬಿರುಕಿನೊಳಗೆ ಇಳಿದು ಸೋರುವುದು ನಿಲ್ಲುತ್ತಿತ್ತು. ಕಲ್ಲಿನ ತೆಪ್ಪಕ್ಕೆ ಡಾಂಬರಿರಲಿಲ್ಲ. ಆದರೂ ಬೆಂಕಿ ತೋರಿಸದೆ ಇಳಿಸಲು ಯಾರ ಮನಸ್ಸೂ ಒಪ್ಪಿರಲಿಲ್ಲ.

ಹೆಚ್ಚು ಕಾದದ್ದು ಲಗಮಪ್ಪನ ತೆಪ್ಪ. ಹೆಚ್ಚು ಇಳಿದದ್ದೂ ಅದೇ. ಗೆರೆಗಳು ಇಷ್ಟು ದಿನವೂ ಹೇಳುತ್ತಿದ್ದದ್ದು ಇದನ್ನೇ.

ಅವನು ಮೇಡಂ ಹೇಳಿದ್ದನ್ನು ತಡವರಿಸುತ್ತ ಹೇಳಿದ. ದ್ಯಾಮವ್ವ ಕುಟ್ಟುವುದನ್ನು ನಿಲ್ಲಿಸಿ, "ಸುಳ್ಳ. ಬೆಂಕಿ ನೀರಿನ್ನ ಕರಿಯೂದುಂಟೇನು?" ಎಂದಳು. ಕಾಶವ್ವ ಬಚ್ಚಲಿಗೆ ಹೋಗಿ ಹಿಮ್ಮಡಿ ತಿಕ್ಕುವ ಕಲ್ಲು ತಂದಳು. ತೆಪ್ಪ ಕೊರೆದಾಗ ಬಿದ್ದ ಚೂರುಗಳನ್ನು ಓಣಿಯ ಹೆಂಗಸರೆಲ್ಲ ಹಿಮ್ಮಡಿಗೆಂದು ಇಟ್ಟುಕೊಂಡಿದ್ದರು. ಅವಳದು ಬಚ್ಚಲ ಹಂಡೆಯಲ್ಲಿ ಈವರೆಗೂ ತೇಲುತ್ತಲೇ ಇತ್ತು. ಅದನ್ನು ಎರಡು ಹೋಳು ಮಾಡಿ ಒಂದನ್ನು ಕೆಂಡದೊಳಗೆ ತೂರಿದಳು. ರೊಟ್ಟಿ ಬೇಯುವಷ್ಟು ಹೊತ್ತು ಮೂವರೂ ಒಲೆಯನ್ನೇ ನೋಡುತ್ತ ಕೂತರು. ಇಕ್ಕಳದಿಂದ ಎತ್ತಿ ನೀರಿನ ಬೋಗುಣಿಗೆ ಬಿಟ್ಟಾಗ ಅದು ಚೊಂಯ್ ಎಂದು ಕೂಗಿ, ಒಂದು ಗಳಿಗೆ ಮೇಲೆ ನಡುಗಿ, ತಳ ಸೇರಿತು. ಅದರ ಜೊತೆಗೆ ಬಿಟ್ಟ ತಣ್ಣನೆಯ ಹೋಳು ಮೇಲೆಯೇ ಆಡುತ್ತಿತ್ತು.

ದ್ಯಾಮವ್ವ ಬೋಗುಣಿಯನ್ನು ಬಹಳ ಹೊತ್ತು ನೋಡಿದಳು. ಕುಟ್ಟಿದ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳದೆ ಹಾಗೇ ಬಿಟ್ಟು ಒಳಗೆ ಹೋಗಿ ಮಲಗಿದಳು.

ಮುಂಜಾನೆ ಓಣಿ ಕೂಡಿತು. ಯಮನಪ್ಪನ ಕಾಲ ಬಳಿ ಕುಡುಗೋಲು ಇತ್ತು. ಗ್ಯಾನಪ್ಪ ತನ್ನ ಎತ್ತರದ ತೆಪ್ಪದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ. ಯಾರೂ ಅವನ ಕಡೆ ಹಲಗೆ ಹಾಕಿರಲಿಲ್ಲ.

"ಹೇಳಪಾ ಲಗಮಪ್ಪ, ಏನ್ ಹೇಳತಾವು ನಿನ್ನ ಗೆರಿ?"

"ಬೆಂಕಿ ಹೆಚ್ಚ ಹಾಕಿದವರ ಮನಿ ಹೆಚ್ಚ ಇಳದಾವು ಅಂತಾವು," ಎಂದ ಲಗಮಪ್ಪ. "ಮೊದಲ ನಂದು."

ಗದ್ದಲವೆದ್ದಿತು. ಹೆಂಡತಿಯ ತಮ್ಮನನ್ನು ಉಳಿಸಲು ಹೊಸ ಕಥೆ ಕಟ್ಟಿದ್ದಾನೆ ಎಂದರು. ಮೇಡಂ ಕಲಿಸಿಕೊಟ್ಟ ಪಾಠ ಎಂದರು. ಕಾಶವ್ವ ಕೆಂಡದ ಅಗ್ಗಿಷ್ಟಿಕೆಯನ್ನು ಸೆರಗಿನಲ್ಲಿ ಹಿಡಿದು ತಂದು ನಡುವೆ ಇಟ್ಟಳು, ಬೋಗುಣಿ ಇಟ್ಟಳು, ತನ್ನ ಕಲ್ಲು ತೆಗೆದಳು.

"ನಿಂದು ಬ್ಯಾಡ," ಎಂದ ಯಮನಪ್ಪ. "ನಿನ್ನ ಕಲ್ಲಿನಾಗ ಏನ್ ಕಣ್ಕಟ್ಟು ಐತೋ ಯಾರಿಗೊತ್ತು. ನಮ್ಮ ಮನಿಯಾಕಿ ಕಲ್ಲ ತರ್ರಿ."

ತಂದರು. ಅವನೇ ಕೆಂಡದಲ್ಲಿಟ್ಟ, ಅವನೇ ಊದಿದ, ಅವನೇ ಇಕ್ಕಳ ಹಿಡಿದು ನೀರಿಗೆ ಬಿಟ್ಟ. ಕಲ್ಲು ಕೂಗಿತು, ನಡುಗಿತು, ಮುಳುಗಿತು. ಯಮನಪ್ಪ ಬೋಗುಣಿಯೊಳಗೆ ಕೈ ಹಾಕಿ ತಳ ತಡವಿ ನೋಡಿದ. ಅವನ ಹೆಂಡತಿ, "ನನ್ನ ಹಿಮ್ಮಡಿ ಕಲ್ಲ ಹಾಳಮಾಡಿದ್ರಿ," ಎಂದಳು. ಯಾರೋ ನಕ್ಕರು, ನಗು ಅಲ್ಲಿಗೇ ಸತ್ತಿತು.

"ಇರಲಿ," ಎಂದ ಯಮನಪ್ಪ ಕೈ ಒರೆಸಿಕೊಳ್ಳುತ್ತ. "ಎಲ್ಲಾರೂ ಮೈ ಕಾಸಿದ್ರಲ್ಲ, ಇವ ಯಾಕ ಕಾಸಲಿಲ್ಲ? ಇವಗ ಮೊದಲ ಗೊತ್ತಿತ್ತು."

"ನಾ ಅವತ್ತ ಎಲ್ಲಿದ್ದೆ ಅಂತ ನಿಮಗ ಗೊತ್ತೈತಿ ಕಾಕಾ," ಎಂದ ಗ್ಯಾನಪ್ಪ ಆ ಕಡೆಯಿಂದ. ಅದೇ ಅವನ ಮೊದಲ ಮಾತು. "ಭಟ್ಟಿ ಮುಂದ ನಿಂತಿದ್ದೆ, ಉಳಿದ ತೆಪ್ಪಾ ಆರೂದನ್ನ ಕಾಯಕೋತ. ನನ್ನ ತೆಪ್ಪಾ ಆಮ್ಯಾಲೆ ಕಾರ್ಖಾನಿಯವರ ತಂದು ಬಿಟ್ರು, ಮೈ ಕಾಸೂ ರೀತಿ ಅವರಿಗೆಲ್ಲಿ ಗೊತ್ತು?"

ಯಾರೂ ಅವನಿಗೆ ತಪ್ಪಾಯಿತು ಎನ್ನಲಿಲ್ಲ. ಯಮನಪ್ಪ ಕುಡುಗೋಲನ್ನು ಹಗ್ಗಕ್ಕೆ ಮುಟ್ಟಿಸದೆ ಎತ್ತಿಕೊಂಡು ಹೋದ. ಉಳಿದವರು ಬಲೆ, ಬುಟ್ಟಿ, ಕೊಡ ಎಂದು ಒಂದೊಂದು ನೆಪ ಹಿಡಿದು ಕರಗಿದರು. ಹೋಗುವವರಲ್ಲಿ ಇಬ್ಬರು ಮೂವರು ಹಿಂದೆ ತಿರುಗಿ ಗ್ಯಾನಪ್ಪನ ಎತ್ತರದ ತೆಪ್ಪವನ್ನು ಇನ್ನೊಮ್ಮೆ ನೋಡಿದರು. ಆ ನೋಟ ಇನ್ನೂ ಪೂರಾ ಹೋಗಿರಲಿಲ್ಲ. ತೆಪ್ಪಗಳನ್ನು ಬೇಸಿಗೆಗೆ ಒಂದೊಂದಾಗಿ ದಂಡೆಗೆ ಎಳೆದು ಒಣಗಿಸಬೇಕು, ಬೆಂಕಿಗಲ್ಲ, ಬಿಸಿಲಿಗೆ ಎಂದು ಫರ್ಜಾನಾ ಹೇಳಿಕಳಿಸಿದ್ದಳು. ಅದಕ್ಕೂ ಓಣಿಯವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಲಗಮಪ್ಪ ಅಂಚಿಗೆ ಬಂದು ನಿಂತ. ನಡುವೆ ನೀರು.

"ನನ್ನ ತೆಪ್ಪದ ಚೂರು ಮುರಕೊಂಡಿ. ಮೂಸಿ ನೋಡಿದಿ. ನಿನಗ ತಿಳಿದಿತ್ತಲ್ಲ?"

"ಸಂಶೆ ಇತ್ತು ಮಾವ. ಮಸಿ ವಾಸನಿ ಬಂದಾಗ ಖಾತ್ರಿ ಆತು."

"ಮತ್ತ ಬಾಯಿ ಬಿಡಲಿಲ್ಲ ಯಾಕ? ಹಗ್ಗ ಕೊಯ್ಯೂತನ ಕಾಯತಿದ್ದೇನು?"

ಗ್ಯಾನಪ್ಪ ನೀರು ನೋಡಿದ. "ಮೊದಲನೇ ಕೊಳ್ಳಿ ಅತ್ತಿ ಇಟ್ಟಿದ್ದು. ಓಣಿ ಮುಳುಗಿಸಿದಾಕಿ ಅಂತ ಈ ವಯಸ್ಸಿನಾಗ ಆಕಿಗೆ ಹೆಂಗ ಅನ್ನಸ್ಲಿ?" ಆಮೇಲೆ, "ನಾ ಹೇಳಿದ್ರ ನೀವು ನಂಬತಿದ್ರೇನು?" ಎಂದ.

ಲಗಮಪ್ಪ ಒಳಗೆ ಹೋದ. ಹಿತ್ತಲಿನ ಗೋಡೆಗೆ ಒರಗಿಸಿಟ್ಟಿದ್ದ ಹಲಗೆಯನ್ನು ಎಳೆದು ತಂದು ನೀರಿನ ಮೇಲೆ ಚಾಚಿದ. ಆ ತುದಿಯನ್ನು ಗ್ಯಾನಪ್ಪ ಹಿಡಿದು ಕೂರಿಸಿದ. ಒಳಗಿಂದ ಪಲ್ಯದ ಬುಟ್ಟಿ ಹಿಡಿದು ಕಾಶವ್ವ ಬಂದಳು. ಲಗಮಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಧೋತರದ ಚುಂಗು ಸಿಕ್ಕಿಸಿ, ಮುಂದಕ್ಕೆ ಬಾಗಿ, ಏರುಹಲಗೆಯ ಮೇಲೆ ತಾನೇ ಹತ್ತತೊಡಗಿದ.